ಬುಗುರಿಯ ಎಡಗಣ್ಣು ಮತ್ತು ಮೂರು ದಿನದ ಲೆನ್ಸು

"ಈ ಸಲ ಭಾವನೆಗೆ ಜಾಗವೇ ಇಲ್ಲ! ಎಲ್ಲಾ ವೈಜ್ಞಾನಿಕ!"

ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ನಿಂತು ಅವಳು ಹೀಗೆ ಘೋಷಿಸಿದಾಗ ಅವಳ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಲಿಫ್ಟ್ ರಿಪೇರಿ ಮಾಡುವುದು ಅವನ ಕಸುಬು. ರಭಸದಿಂದ ಮೇಲೇರಿದ್ದೆಲ್ಲ ಸ್ವಲ್ಪ ಹೊತ್ತಿಗೆ ಕೆಳಗಿಳಿಯುತ್ತದೆ ಎಂಬುದು ಅವನ ಹದಿನಾಲ್ಕು ವರ್ಷದ ಅನುಭವ.

ಮೇಜಿನ ನಡುವೆ ಹೊಸ ಲೆನ್ಸು ಕೂತಿತ್ತು. ಕೂತಿತ್ತು ಎಂದರೆ ಅದಕ್ಕೆ ಅವಮಾನ, ವಿರಾಜಮಾನವಾಗಿತ್ತು! ಗಾತ್ರದಲ್ಲಿ ಸಣ್ಣ ಹೂಕುಂಡ, ತೂಕದಲ್ಲಿ ಹುಟ್ಟಿದ ವಾರದ ಕೂಸು. ಕ್ಯಾಮೆರಾ ಅಂಗಡಿಯವನು ಅದನ್ನು ಮೂರು ದಿನದ ಪರೀಕ್ಷೆಗೆಂದು ಕೊಟ್ಟಿದ್ದ. ಸೋಮವಾರ ಸಂಜೆ ಆರರೊಳಗೆ 'ಬೇಕು' ಎನ್ನಬೇಕು, ಇಲ್ಲವೇ ಒಂದು ಗೀರೂ ಇಲ್ಲದೆ ಹಿಂದಿರುಗಿಸಬೇಕು.

"ಮುಖದ ಫೋಟೋ ತೆಗೆಯೋ ಲೆನ್ಸು ನಿನ್ನ ಹತ್ತಿರ ಇದೆಯಲ್ಲೇ?"

"ಅದು ಒಂದು ಪಾಯಿಂಟ್ ಎಂಟು ರೀ. ಇದು ಒಂದು ಪಾಯಿಂಟ್ ಎರಡು!"

"ಹಾಗಾದ್ರೆ ಇದು ಚಿಕ್ಕದು."

"ಅಯ್ಯೋ, ಲೆನ್ಸಿನ ಲೋಕದಲ್ಲಿ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕು ಜಾಸ್ತಿ ನುಗ್ಗುತ್ತೆ. ಮಂದ ಬೆಳಕಲ್ಲೂ ಓಡೋ ಮಗು ಓಡಿದ ಹಾಗೇ ಸ್ಪಷ್ಟವಾಗಿ ಬೀಳುತ್ತೆ. ಮತ್ತೆ ಫೋಕಸ್ಸಿನ ಆಳ ಹಾಳೆಯಷ್ಟು ತೆಳು! ಒಂದು ಕಣ್ಣು ಮಿಂಚ್ತಾ ಇದ್ರೆ, ಎರಡು ಬೆರಳು ಹಿಂದಿರೋದೆಲ್ಲ ಹತ್ತಿಯ ಹಾಗೆ ಮಂಜು ಮಂಜು! ಅರ್ಥವಾಯ್ತಾ?"

ಈ ಉಪನ್ಯಾಸ ಮುಕ್ಕಾಲು ಗಂಟೆ ನಡೆಯಿತು. ಗಂಡ ಎರಡು ಸಲ ಆಕಳಿಸಿ, ಅರ್ಥವಾಯಿತು ಎಂದ.

ಓಡುವ ಮಗು ಎಂದರೆ ಅವರ ಎರಡೂವರೆ ವರ್ಷದ ಬುಗುರಿ. ಹೆಸರಿಟ್ಟವರು ಬೇರೆ ಏನೋ ಇಟ್ಟಿದ್ದರು. ನಡೆಯಲು ಕಲಿತ ಮರುದಿನವೇ ಮಗು ಈ ಹೆಸರನ್ನು ಸ್ವಂತ ದುಡಿಮೆಯಿಂದ ಸಂಪಾದಿಸಿಕೊಂಡಿತು. ಹಳೆಯ ಲೆನ್ಸಿನ ಫೋಟೋಗಳಲ್ಲಿ ಬುಗುರಿ ಒಮ್ಮೆ ಕಾಲಿಲ್ಲದ ಹೊಗೆ, ಒಮ್ಮೆ ಪರದೆಯ ಹಿಂದೆ ಮಾಯವಾಗುತ್ತಿರುವ ಮೊಣಕೈ. ಹೀಗೇ ಬಿಟ್ಟರೆ ಫೋಕಸ್ ಸಿಗುವಷ್ಟರಲ್ಲಿ ಬಾಲ್ಯವೇ ಮುಗಿದುಹೋಗುತ್ತದೆಂದು ಅವಳಿಗೆ ದಿಗಿಲು.

ದಿಗಿಲು ಅವಳಿಗೆ ಹೊಸದಲ್ಲ. ಔಷಧಿ ಡಬ್ಬಿಯೊಳಗೆ ಹದಿನಾರು ಮಡಿಕೆಯಾಗಿ ಕೂತಿರುತ್ತದಲ್ಲ ಚೀಟಿ, ಅದರ ಪ್ರೂಫ್ ತಿದ್ದುವುದು ಅವಳ ಉದ್ಯೋಗ. ಕೈಯಲ್ಲಿ ಕೆಂಪು ಪೆನ್ನು, ಕಣ್ಣೆದುರಿಗೆ ದಿನವಿಡೀ 'ತಲೆಸುತ್ತು, ವಾಕರಿಕೆ, ತೀರಾ ಅಪರೂಪಕ್ಕೆ ದೃಷ್ಟಿ ಮಂಜಾಗುವುದು'. ಆ ಚೀಟಿಗಳನ್ನು ಜಗತ್ತಿನಲ್ಲಿ ಪೂರ್ತಿ ಓದುವವಳು ಅವಳೊಬ್ಬಳೇ. ಓದಿದ್ದನ್ನು ಮರೆಯುವ ವಿದ್ಯೆ ಮಾತ್ರ ಅವಳಿಗೆ ಒಲಿದಿರಲಿಲ್ಲ.

ಶನಿವಾರ ವೈಜ್ಞಾನಿಕ ಪರೀಕ್ಷೆ ಆರಂಭವಾಯಿತು. ಬುಗುರಿ ಅಲ್ಲಾಡದೆ ಕೂರುವ ಜಾಗ ಮನೆಯಲ್ಲಿ ಒಂದೇ: ಟಿವಿಯ ಮುಂದಿನ ಎತ್ತರದ ಕುರ್ಚಿ. ಟಿವಿಯಲ್ಲಿ ಮಾತಾಡುವ ಟ್ರ್ಯಾಕ್ಟರ್ ಬಂದರೆ ಮಗು ಹನ್ನೆರಡು ನಿಮಿಷ ಶಿಲಾಪ್ರತಿಮೆ. ಅವಳು ಪಕ್ಕದ ಸೋಫಾದಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ಮೊದಲು ಹಳೆಯ ಲೆನ್ಸಿನಲ್ಲಿ ನಲವತ್ತು, ಆಮೇಲೆ ಹೊಸದರಲ್ಲಿ ನಲವತ್ತು ಫೋಟೋ ಹೊಡೆದಳು. ಭಾನುವಾರವೂ ಅದೇ ಸೋಫಾ, ಅದೇ ಟ್ರ್ಯಾಕ್ಟರ್, ಅದೇ ನಲವತ್ತು ನಲವತ್ತು.

ಅಂದು ಮಧ್ಯಾಹ್ನ ಬುಗುರಿ ಮಲಗಿದ ಮೇಲೆ ಆ ದಿನದ ಫೋಟೋ ನೋಡಲು ಲ್ಯಾಪ್‌ಟಾಪ್ ತೆರೆದಳು. ಆಹಾ! ಬಲಗಣ್ಣಿನ ರೆಪ್ಪೆಗೂದಲು ಒಂದೊಂದನ್ನೂ ಎಣಿಸಬಹುದು! ಕಣ್ಣಿನ ಪಾಪೆಯೊಳಗೆ ಪುಟ್ಟ ಟ್ರ್ಯಾಕ್ಟರ್ ಕೂಡ ಕಾಣುತ್ತಿದೆ! "ರೀ, ತೀರ್ಮಾನ ಆಗಿಹೋಯ್ತು, ತಗೊಳ್ಳೋದೇ!" ಎಂದು ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ಉಳಿದಳು.

ಎಡಗಣ್ಣು?

ಮಸುಕಾಗಿತ್ತು. ಮುಂದಿನ ಫೋಟೋ: ಮಸುಕು. ಅದರ ಮುಂದಿನದು: ಮಸುಕು. ನಲವತ್ತಕ್ಕೆ ನಲವತ್ತರಲ್ಲೂ ಬಲಗಣ್ಣು ವಜ್ರ, ಎಡಗಣ್ಣು ಉಗಿ ಹಿಡಿದ ಕನ್ನಡಿ!

ಯಾಕಿರಬಹುದು ಎಂದು ಅವಳಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು, ಮುಕ್ಕಾಲು ಗಂಟೆಯಷ್ಟು ತಿಳಿದಿತ್ತು! ಆದರೆ ತಿಳಿದಿದ್ದವಳು ಶುಕ್ರವಾರದ ಛಾಯಾಗ್ರಾಹಕಿ. ಈಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದವಳು ತಾಯಿ. ಇವರಿಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ.

ತಾಯಿ ಹಳೆಯ ಲೆನ್ಸಿನ ಫೋಟೋಗಳನ್ನು ತೆರೆದಳು. ಅಲ್ಲೂ ಎಡಗಣ್ಣು ಮಂಕೇ, ಆದರೆ ಇಷ್ಟಲ್ಲ. ಅಂದರೆ? ಹಳೆಯವು ಬೆಳಿಗ್ಗೆ ಹತ್ತಕ್ಕೆ ತೆಗೆದವು, ಹೊಸವು ಹತ್ತೂವರೆಗೆ. ಅರ್ಧ ಗಂಟೆಯಲ್ಲಿ ಇಷ್ಟು ಉಲ್ಬಣ!

"ರೀ!" ಎಂಬ ಅವಳ ಕೂಗಿಗೆ ಸ್ನಾನದ ಮನೆಯಿಂದ ಗಂಡ ಸೋಪಿನ ನೊರೆ ಸಮೇತ ಓಡಿಬಂದ.

"ಏನಾಯ್ತೇ? ಲೆನ್ಸು ಬಿತ್ತಾ?"

"ಲೆನ್ಸು ಹಾಳಾಗ್ಲಿ! ಮಗುವಿನ ಎಡಗಣ್ಣು ನೋಡಿ!"

ಗಂಡ ಲ್ಯಾಪ್‌ಟಾಪ್ ನೋಡಿದ. ಒಳಗೆ ಹೋಗಿ ಮಲಗಿದ್ದ ಬುಗುರಿಯನ್ನು ನೋಡಿದ. ಎರಡೂ ಕಣ್ಣು ಮುಚ್ಚಿದ್ದವು.

"ಎದ್ದ ಮೇಲೆ ಕೇಳೋಣ, ಕಾಣುತ್ತಾ ಅಂತ."

"ನಿಮಗೆ ಎಲ್ಲವೂ ತಮಾಷೆ! ಲಿಫ್ಟ್ ಕೆಟ್ಟರೆ ಮಾತ್ರ ಎದೆ ಹೊಡ್ಕೊಳ್ಳುತ್ತೆ ನಿಮಗೆ!"

"ಲಿಫ್ಟ್ ಕೆಟ್ರೆ ನಾನು ಮೊದಲು ಲಿಫ್ಟನ್ನ ನೋಡ್ತೀನಿ ಕಣೇ, ಅದರ ಫೋಟೋನಲ್ಲ."

ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದ್ದಾಗಿತ್ತು. ಸೋಮವಾರ ಹನ್ನೊಂದಕ್ಕೆ ಸಮಯ ಸಿಕ್ಕಿತು. ಅಲ್ಲಿಯವರೆಗೆ ಬುಗುರಿ ಎಡವಿದರೆ "ನೋಡಿದ್ರಾ, ಎಡಗಡೆಗೇ ಬಿತ್ತು!" ಬಲಗಡೆ ಬಿದ್ದರೆ "ಎಡಗಣ್ಣು ಕಾಣದೇ ಬಲಕ್ಕೆ ಬಿತ್ತು!" ಬೀಳದೇ ಇದ್ದರೆ "ಪಾಪ, ಅಭ್ಯಾಸ ಮಾಡ್ಕೊಂಡುಬಿಟ್ಟಿದೆ ಕಂದ!"

ಸೋಮವಾರ ಹನ್ನೊಂದಕ್ಕೆ ಮೂವರೂ ಡಾಕ್ಟರ ಕೋಣೆಯಲ್ಲಿದ್ದರು. ಮೂವರಲ್ಲ, ನಾಲ್ವರು. ಸಂಜೆ ಹಿಂದಿರುಗಿಸಬೇಕಾದ ಲೆನ್ಸು ಮಗುವಿನ ಸ್ವೆಟರ್ ಸುತ್ತಿಕೊಂಡು ಬ್ಯಾಗಿನಲ್ಲಿ ಬೆಚ್ಚಗಿತ್ತು. ಮಗು ಅಪ್ಪನ ಕರವಸ್ತ್ರ ಹೊದ್ದಿತ್ತು.

ಡಾಕ್ಟರು ಅರವತ್ತು ದಾಟಿದವರು. ಬುಗುರಿಯ ಬಲಗಣ್ಣಿಗೆ ಪಟ್ಟಿ ಅಂಟಿಸಿ, ಮೇಜಿನ ಮೇಲೆ ಸಾಸಿವೆಯಷ್ಟು ದೊಡ್ಡ ಬಣ್ಣದ ಸಕ್ಕರೆ ಗುಂಡೊಂದನ್ನು ಇಟ್ಟರು. ಬುಗುರಿ ಅದನ್ನು ಲಬಕ್ಕನೆ ಎತ್ತಿ ಬಾಯಿಗೆ ಹಾಕಿಕೊಂಡಿತು. ಇನ್ನೊಂದು ಇಟ್ಟರು. ಅದೂ ಮಾಯ. ಮೂರನೆಯದನ್ನು ದೂರದ ಪುಸ್ತಕದ ಅಂಚಿನಲ್ಲಿಟ್ಟರು. ಬುಗುರಿ ಅದನ್ನೂ ತಿಂದು, ಡಾಕ್ಟರ ಜೇಬಿನಿಂದ ಇಣುಕುತ್ತಿದ್ದ ಡಬ್ಬಿಗೇ ಕೈ ಹಾಕಿತು.

ಆಮೇಲೆ ದೀಪ ಬಿಟ್ಟು ಎರಡೂ ಕಣ್ಣು ನೋಡಿದರು. ಒಳಗೂ ಇಣುಕಿದರು.

"ಮಗುವಿನ ಕಣ್ಣು ಹದ್ದಿನ ಹಾಗಿದೆಯಮ್ಮ. ಯಾರು ಹೇಳಿದ್ದು ಮಂಜು ಅಂತ?"

ಅವಳು ಲ್ಯಾಪ್‌ಟಾಪ್ ತೆರೆದು ನಲವತ್ತು ಸಾಕ್ಷಿಗಳನ್ನು ಮುಂದಿಟ್ಟಳು. ಡಾಕ್ಟರು ಬಗ್ಗಿದರು. ಕನ್ನಡಕ ಹಣೆಗೇರಿಸಿದರು. ಇನ್ನೂ ಬಗ್ಗಿದರು. ಅವರ ಮುಖ ಗಂಭೀರವಾಯಿತು.

"ಹೇಳಿಬಿಡಿ ಡಾಕ್ಟ್ರೇ. ನಾನು ಗಟ್ಟಿ ಇದ್ದೀನಿ," ಎಂದು ಗಂಡನ ತೋಳನ್ನು ಹಿಡಿದುಕೊಂಡಳು.

"ಎಂಬತ್ತೈದು ಮಿಲಿಮೀಟರಾ?"

"ಏನು?"

"ಒಂದು ಪಾಯಿಂಟ್ ಎರಡಾ? ಹೊಸದಾ?" ಡಾಕ್ಟರ ಧ್ವನಿಯಲ್ಲಿ ಭಕ್ತಿಯಿತ್ತು. "ಮಗು ಎತ್ತ ನೋಡ್ತಾ ಇತ್ತು?"

"ಟಿವಿ ಕಡೆ."

"ನೀವು?"

"ಸೋಫಾದಲ್ಲಿ, ಅದರ ಬಲಪಕ್ಕ..."

"ಬಲಗಣ್ಣು ನಿಮಗೆ ಹತ್ತಿರ, ಎಡಗಣ್ಣು ಎರಡು ಬೆರಳು ದೂರ. ಈ ಲೆನ್ಸಿನ ಫೋಕಸ್ ಹಾಳೆಯಷ್ಟು ತೆಳು ಇರುತ್ತಮ್ಮ. ಒಂದು ಕಣ್ಣು ಮಿಂಚಿದ್ರೆ, ಹಿಂದಿರೋದೆಲ್ಲ..."

"ಹತ್ತಿಯ ಹಾಗೆ ಮಂಜು ಮಂಜು," ಎಂದು ವಾಕ್ಯ ಮುಗಿಸಿದವನು ಗಂಡ. "ಶುಕ್ರವಾರ ಕೇಳಿದ್ದೆ ಡಾಕ್ಟ್ರೇ. ಪೂರ್ತಿ ಮುಕ್ಕಾಲು ಗಂಟೆ."

ಆ ಕ್ಷಣದಲ್ಲಿ ನೆಲ ಬಾಯ್ಬಿಟ್ಟಿದ್ದರೆ ಅವಳು ಲೆನ್ಸಿನ ಸಮೇತ ಇಳಿದುಬಿಡುತ್ತಿದ್ದಳು. ಇಳಿಯಬೇಕೆಂದರೂ ಲೆನ್ಸು ಕೈಯಲ್ಲಿರಲಿಲ್ಲ. "ತಂದಿದ್ದೀರಾ? ಒಂದೇ ಒಂದು ನಿಮಿಷ," ಎಂದು ಡಾಕ್ಟರು ಆಗಲೇ ಸ್ವೆಟರ್ ಬಿಚ್ಚಿ, ರೋಗಿಗಳು ಗದ್ದ ಊರುವ ಯಂತ್ರದ ಮೇಲೆ ಅದನ್ನು ಕೂರಿಸಿ, ದೀಪ ಹಚ್ಚಿ, ಆಚೆಯಿಂದ ಈಚೆಯಿಂದ ನೋಡುತ್ತಿದ್ದರು. ಒಂದು ನಿಮಿಷ ಇಪ್ಪತ್ತಾಯಿತು. ನರ್ಸು ಬಾಗಿಲಿನಿಂದ ತಲೆ ಹಾಕಿದಳು.

"ಡಾಕ್ಟ್ರೇ, ಹೊರಗೆ ಹನ್ನೊಂದು ಜನ ಕಣ್ಣಿಗೆ ಹನಿ ಹಾಕಿಸ್ಕೊಂಡು ಕೂತಿದಾರೆ."

"ಸಂಕೀರ್ಣ ಕೇಸಮ್ಮ. ಕಾಯೋಕೆ ಹೇಳು."

ಕೊನೆಗೆ ಡಾಕ್ಟರು ನಿಟ್ಟುಸಿರಿಟ್ಟು, ಲೆನ್ಸಿಗೆ ತಾವೇ ಸ್ವೆಟರ್ ಸುತ್ತಿ, ಚೀಟಿಯ ಮೇಲೆ ಬರೆದರು. ಅವಳು ಓದಿದಳು: 'ತಾಯಿಗೆ: ಅಪರ್ಚರ್ 4. ಪ್ರತಿ ಫೋಟೋಗೂ ತಪ್ಪದೆ. ಫೋಟೋ ದೊಡ್ಡದು ಮಾಡಿ ನೋಡುವುದು ನಿಷಿದ್ಧ.'

"ಕಿಂಡಿಯನ್ನ ನಾಲ್ಕಕ್ಕೆ ಕಿರಿದು ಮಾಡಿ. ಎರಡೂ ಕಣ್ಣು ಸ್ಪಷ್ಟ ಬರುತ್ತೆ, ನಿಮಗೂ ನಿದ್ದೆ ಬರುತ್ತೆ."

"ನಾಲ್ಕಾದ್ರೆ ಇವಳ ಹಳೇ ಲೆನ್ಸಲ್ಲೂ ಬರುತ್ತಲ್ವಾ ಡಾಕ್ಟ್ರೇ?" ಎಂದ ಗಂಡ, ಹಸುವಿನಷ್ಟು ಸಾಧುವಾಗಿ.

"ಧಾರಾಳವಾಗಿ! ಬಾಗಿಲು ತೆರೆದು ದೀಪ ಹಾಕಿದ್ರೆ ಆಯ್ತು. ಈ ಲೆನ್ಸು ನಿಮ್ಮಂಥ ತಾಯಂದಿರ ಮನೆಯಲ್ಲಿ ಇರಲೇಬಾರದು. ಇವತ್ತೇ ವಾಪಸ್ ಮಾಡಿಬಿಡಿ." ಡಾಕ್ಟರು ಬುಗುರಿಯ ಕೆನ್ನೆ ತಟ್ಟಿ, ಡಬ್ಬಿಯನ್ನೇ ಅದರ ಕೈಗಿತ್ತರು. "ಅಂದಹಾಗೆ, ಯಾವ ಅಂಗಡಿ ಅಂದ್ರಿ?"

ಸಂಜೆ ಐದೂವರೆಗೆ ಅವಳು ಅಂಗಡಿಯ ಗಾಜಿನ ಮೇಜಿನ ಮೇಲೆ ಲೆನ್ಸನ್ನು ಇಟ್ಟಳು. ಎದೆ ಸ್ವಲ್ಪ ಭಾರವಾಗಿತ್ತು. ಆದರೂ ಗಂಡ ಪಕ್ಕದಲ್ಲೇ ಇದ್ದುದರಿಂದ ಕತ್ತನ್ನು ಎತ್ತರಿಸಿ ಹೇಳಿದಳು:

"ಎಲ್ಲಾ ರೀತಿಯಲ್ಲೂ ವೈಜ್ಞಾನಿಕವಾಗಿ ಪರೀಕ್ಷೆ ಮಾಡಿದೆ. ಬೇಡ ಅಂತ ನಾನೇ ತೀರ್ಮಾನ ತಗೊಂಡೆ."

"ಗೊತ್ತು ಮೇಡಂ," ಎಂದ ಅಂಗಡಿಯವನು, ಲೆನ್ಸನ್ನು ನೋಡದೆಯೇ ಡಬ್ಬಿಗೆ ಹಾಕುತ್ತಾ. "ಹನ್ನೆರಡು ಗಂಟೆಗೇ ಇದು ಬುಕ್ ಆಯ್ತು."

"ಇದೇ ಲೆನ್ಸಾ? ಇದು ನನ್ನ ಹತ್ತಿರ ಇತ್ತಲ್ರೀ!"

"ನಾನೂ ಅದನ್ನೇ ಹೇಳ್ದೆ. ಯಾರೋ ಡಾಕ್ಟ್ರು ಮೇಡಂ. 'ಗೀರೇನೂ ಇಲ್ಲ, ನಾನೇ ಯಂತ್ರದಲ್ಲಿಟ್ಟು ನೋಡಿದೀನಿ. ಅವರು ಸಂಜೆ ವಾಪಸ್ ತಂದೇ ತರ್ತಾರೆ, ಚೀಟಿ ಬರೆದುಕೊಟ್ಟಿದೀನಿ' ಅಂದ್ರು!"

ಗಂಡ ತಿರುಗಿ ಗೋಡೆಯ ಮೇಲಿನ ಕ್ಯಾಮೆರಾ ಚೀಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವನ ಭುಜಗಳು ಕುಲುಕುತ್ತಿದ್ದವು. ಅವಳು ಪರ್ಸಿನಿಂದ ಡಾಕ್ಟರ ಚೀಟಿಯನ್ನು ತೆಗೆದಳು, ಕೆಂಪು ಪೆನ್ನನ್ನೂ ತೆಗೆದಳು. ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು.

ತಿದ್ದುವುದಕ್ಕೆ ಒಂದೇ ಒಂದು ತಪ್ಪೂ ಸಿಗಲಿಲ್ಲ.