ಮೌನದ ನಡುವೆ ಹಾರ ಹಾಕದಿರುವ ಬಗ್ಗೆ

ಸಂಖ್ಯೆ: ಸಂ.ಮೌ. 17/62-63
ಅರಸೀಕೆರೆ, ತಾ. 4-2-1963

ಸುತ್ತೋಲೆ

ವಿಷಯ: ಪಿಟೀಲು ಮತ್ತು ಪಿಯಾನೋಗಾಗಿ ರಚಿತವಾದ, ಸ್ವರ ಕಡಿಮೆ ಇರುವ ಪಾಶ್ಚಾತ್ಯ ಶಾಸ್ತ್ರೀಯ ಕೃತಿಯ ವಾದನ – ಸಭಿಕರ ನಡವಳಿಕೆ.

ಉಲ್ಲೇಖ: ಬೇಲೂರು, ಹಳೇಬೀಡು ಕಾರ್ಯಕ್ರಮಗಳು ಅರ್ಧಕ್ಕೆ ನಿಂತ ಬಗ್ಗೆ ವರದಿ.

ಹಂಗಾಮಿ ಸಂಗೀತ ಶಿಕ್ಷಕಿ ಕಮಲಾಕ್ಷಮ್ಮನವರು ಸದರಿ ಕೃತಿಯನ್ನು ಸಾರ್ವಜನಿಕವಾಗಿ ಪೂರ್ತಿ ನುಡಿಸಿದರೆ ಮಾತ್ರ ಅವರ ನೌಕರಿ ಖಾಯಂ ಆಗತಕ್ಕದ್ದು. ಎರಡು ಬಾರಿಯೂ ಪೂರ್ತಿಯಾಗಿಲ್ಲ. ಕೃತಿಯಲ್ಲಿ ಒಂದು ಸ್ವರವಾದ ಮೇಲೆ ದೀರ್ಘ ಮೌನವಿದ್ದು, ಆಮೇಲೆ ಮತ್ತೊಂದು ಸ್ವರ ಬರುತ್ತದೆ. ಬೇಲೂರಿನಲ್ಲಿ ಮೊದಲನೇ ಮೌನವನ್ನೇ ಮುಕ್ತಾಯವೆಂದು ಭಾವಿಸಿ ಅಧ್ಯಕ್ಷರಾದ ರೇವಣಸಿದ್ದಪ್ಪನವರು ಹಾರ ಹಾಕಿ, ವಂದನಾರ್ಪಣೆ ಮಾಡಿ, ದೀಪ ಆರಿಸಿರುತ್ತಾರೆ. ಹಳೇಬೀಡಿನಲ್ಲಿ ಸಭಿಕರಾದ ಸುಂದರಮ್ಮನವರು, ಶಿಕ್ಷಕಿ ಮರೆತರೆಂದು ಮರುಗಿ, ತಾವೇ ದೇವರನಾಮ ಎತ್ತಿಕೊಂಡಿದ್ದು, ಸಭೆಯೆಲ್ಲ ಸೇರಿ ಹಾಡಿ ಮಂಗಳಾರತಿಯೂ ಆಗಿರುತ್ತದೆ. ಆದುದರಿಂದ ಬರುವ ಭಾನುವಾರದ ಅರಸೀಕೆರೆ ವಾದನಕ್ಕೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಮೌನವೂ ಕೃತಿಯ ಭಾಗ. ಅದನ್ನು ಯಾರೂ ತುಂಬಿಕೊಡಬೇಕಾಗಿಲ್ಲ.

2. ಕಣಕಟ್ಟೆಯ ಹುಚ್ಚಮ್ಮನವರು ಹಳೇಬೀಡಿನಲ್ಲಿ "ಮರ್ತೋಯ್ತೇನವ್ವಾ? ಓಗ್ಲಿ ಬುಡು, ಬೇರೆ ಏನಾರ ಬಾರ್ಸು" ಎಂದು ಧೈರ್ಯ ಹೇಳಿದ್ದನ್ನು ಇಲಾಖೆಯು ಮೆಚ್ಚಿದೆ. ಈ ಬಾರಿ ಹೇಳತಕ್ಕದ್ದಲ್ಲ. "ಏನ್ಲಾ, ಇಷ್ಟಕ್ಕೆ ಬಾಣಾವರದಿಂದ ಬಂದ್ವಾ?" ಎನ್ನುವವರು ವಾದನಕ್ಕೆ ಮೊದಲೇ ಅಂದು ಮುಗಿಸತಕ್ಕದ್ದು.

3. ತೊಡೆಯ ಮೇಲೆ ತಾಳ ಹಾಕಬಾರದು. ಅಭ್ಯಾಸ ಬಿಡಲಾಗದವರು ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂರತಕ್ಕದ್ದು. ಎಡಚರು ಪಕ್ಕದವರ ನೆರವು ಪಡೆಯಬಹುದು.

4. ಹಾರವನ್ನು ಅಧ್ಯಕ್ಷರ ಕೈಗೆ ಮುಂಚಿತವಾಗಿ ಕೊಡತಕ್ಕದ್ದಲ್ಲ. ಹಾರವಿಲ್ಲದೆ ವೇದಿಕೆಯ ಮೇಲೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ಅವರು ವಿಚಾರಿಸಿರುವುದರಿಂದ ಒಂದು ತೆಂಗಿನಕಾಯಿ ಒದಗಿಸಲಾಗುವುದು. ಅದನ್ನು ಒಡೆಯತಕ್ಕದ್ದಲ್ಲ.

5. ಪಿಯಾನೋ ನುಡಿಸುವ ಗುಮಾಸ್ತ ಪಾರ್ಥಸಾರಥಿಯವರು ಮೌನದಲ್ಲಿ ಸುಮ್ಮನೆ ಕೂತಿರುವುದು ಕರ್ತವ್ಯಲೋಪವಲ್ಲ. ಬೆನ್ನು ಮಾತ್ರ ನೆಟ್ಟಗಿರತಕ್ಕದ್ದು.

6. ಕೃತಿ ಎಲ್ಲಿಗೆ ಮುಗಿಯುತ್ತದೆಂಬುದು ಶಿಕ್ಷಕಿಗೆ ತಿಳಿದಿದೆ. ಅವರು ಅಭ್ಯರ್ಥಿಯಾದ್ದರಿಂದ ಅವರ ಮಾತನ್ನು ಪರಿಗಣಿಸಲಾಗದು. ಆದ್ದರಿಂದ ಬಾಣಾವರದ ಕಡೆಯಿಂದ ಬರುವ ಸಂಜೆ ಪ್ಯಾಸೆಂಜರ್ ಗಾಡಿಯ ಸಿಳ್ಳೆಯನ್ನೇ ಮುಕ್ತಾಯವೆಂದು ಈ ಮೂಲಕ ಘೋಷಿಸಲಾಗಿದೆ. ಗಾಡಿ ತಡವಾದಲ್ಲಿ ಕೊನೆಯ ಮೌನವನ್ನು ಅಷ್ಟರಮಟ್ಟಿಗೆ ವಿಸ್ತರಿಸತಕ್ಕದ್ದು.

(ಸಹಿ) ನಂಜುಂಡಯ್ಯ
ಮೇಲಧಿಕಾರಿಗಳ ಪರವಾಗಿ

ಪ್ರತಿಗಳು:

1. ಅಧ್ಯಕ್ಷ ರೇವಣಸಿದ್ದಪ್ಪನವರಿಗೆ, ತೆಂಗಿನಕಾಯಿ ಸಹಿತ.

2. ಹೂವಿನಂಗಡಿ ರಂಗಮ್ಮನವರಿಗೆ. ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ಎಷ್ಟು ಹೊತ್ತೆಂದು ಹೇಳಲಾಗದು.

3. ಸ್ಟೇಷನ್ ಮಾಸ್ಟರಿಗೆ. ಸಭಾಂಗಣವು ಹಳಿಯ ಪಕ್ಕದಲ್ಲೇ ಇದ್ದು ಮೌನಕ್ಕೆ ಭಂಗ ಬರುವ ಸಂಭವವಿರುವುದರಿಂದ, ವಾದನ ಮುಗಿಯುವವರೆಗೆ ಯಾವ ಗಾಡಿಯೂ ಸಿಳ್ಳೆ ಹಾಕದಂತೆ ನೋಡಿಕೊಳ್ಳಲು ಕೋರಿದೆ.

4. ಕಮಲಾಕ್ಷಮ್ಮನವರಿಗೆ. ಸಿಳ್ಳೆ ಕೇಳುವವರೆಗೆ ಪಿಟೀಲಿನ ಕಮಾನು ಕೆಳಗಿಡತಕ್ಕದ್ದಲ್ಲ. ಖಾಯಂ ಆದೇಶವನ್ನು ಆನಂತರ ಕೊಡಲಾಗುವುದು.