ಕಾಲಾಳಲ್ಲೇ ಕಟ್ತೀನಿ ಅಂದ ಸಾವ್ಕಾರ್ರು

ಹುಣಸೂರಲ್ಲಿ ಬಟ್ಟೆ ಹೊಲಿಯೋ ನನ್ನಂಥೋಳು ಚದುರಂಗದ ಕ್ಲಬ್ಬಿಗೆ ಸೇರಿದ ಮೇಲೆ ಇಂಥವು ಆಗ್ತಾನೇ ಇರ್ತವೆ. ಪಿರಿಯಾಪಟ್ಟಣದ ಟೂರ್ನಮೆಂಟಲ್ಲಂತೂ ಒಂದೇ ದಿನಕ್ಕೆ ಮೂರಾದವು.

೧. ಹೆಸರು

ಬಾಗಿಲಲ್ಲಿ ಹೆಸರು ಬರ್ಕೊಳ್ಳೋರು ತಲೆ ಎತ್ತದೇನೇ, "ಮಗಳ ಹೆಸ್ರೇನಮ್ಮ?" ಅಂದ್ರು.

"ಮಗಳು ಮನೇಲವ್ಳೆ. ಆಡೋಳು ನಾನು."

"ಹೆಂಗಸ್ರಿಗೆ ಪಕ್ಕದ ಹಾಲಲ್ಲಿ ರಂಗೋಲಿ ಸ್ಪರ್ಧೆ ಐತೆ ಕಣಮ್ಮ."

ನಂಗೆ ಮೈಯೆಲ್ಲ ಉರಿದೋಯ್ತು. "ಅಲ್ಲಿಗೆ ನೀವೋಗಿ ಚುಕ್ಕಿ ಇಡಿ. ಹೆಸರು ನಾನೇ ಬರ್ಕೋತೀನಿ" ಅಂತ ಪೆನ್ನು ಇಸ್ಕೊಂಡೆ.

೨. ಗಡಿಯಾರ

ಕೊನೇ ಸುತ್ತಿಗೆ ಎದುರಾದೋರು ನಮ್ಮ ಕ್ಲಬ್ಬಿನೋರೇ, ಕಟ್ಟೆಮಳಲವಾಡಿಯ ಗೊಬ್ಬರದಂಗಡಿ ಸಾವ್ಕಾರ್ರು. ಆಟ ಡ್ರಾ ಆದ್ರೂ ಸಾಕು, ತಾಲ್ಲೂಕು ಟೀಮಲ್ಲಿ ನಂಗೆ ಜಾಗ. ಸೋತ್ರೆ ಆ ಜಾಗ ಅವರ ಭಾಮೈದನಿಗೆ.

ಒಂದೊಂದು ಕಾಯಿ ನಡೆಸಿದಾಗಲೂ ಸಾವ್ಕಾರ್ರು ಗಡಿಯಾರದ ಗುಂಡಿಯನ್ನ ಟೇಬಲ್ ಅದುರೋ ಹಾಗೆ ಗುದ್ದೋರು. ನಾನು ಹೆದರಲಿ ಅಂತ. ಹತ್ತು ಸಲ ತಡ್ಕೊಂಡೆ. ಆಮೇಲೆ ಅಂದೆ, "ಎಷ್ಟು ಒತ್ತಿದ್ರೂ ಕಾಫಿ ಬರಲ್ಲ ಸಾವ್ಕಾರ್ರೇ."

೩. ಕಾಲಾಳು

ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆ ಉಳಿದಿದ್ದು ರಾಜ ಒಬ್ಬನೇ. ಅವರ ಹತ್ರ ಮಂತ್ರಿ, ಕಾಲಾಳು ಎಲ್ಲ ಇದ್ದವು.

"ಸೋತೆ ಅಂತ ಕೈ ಕೊಟ್ಟು ಎದ್ದೋಗವ್ವ, ಬಸ್ಸಾದ್ರೂ ಸಿಕ್ತದೆ" ಅಂದ್ರು ಸಾವ್ಕಾರ್ರು.

"ಬಸ್ಸು ಇನ್ನೊಂದು ಬತ್ತದೆ. ನಾನು ಏಳಲ್ಲ. ಗೆದ್ದು ತೋರ್ಸಿ."

ಮಂತ್ರಿಯನ್ನ ಒಂದು ಸಲ ಸರಿಸಿದ್ರೆ ಆಟ ಮುಗೀತಿತ್ತು. ಆದ್ರೆ ನಮ್ಮ ಕಡೆ ಹಳೇ ಆಟಗಾರರಿಗೆ ಒಂದು ಜಂಬ. ಮಂತ್ರಿಯಿಂದ ರಾಜನಿಗೆ ಚೆಕ್ ಕೊಟ್ಟು ಕಟ್ಟಿದ್ರೆ ಬರೀ ಗೆಲುವು, ಕಾಲಾಳಿಂದ ಕಟ್ಟಿದ್ರೆ ಎದುರಿನೋರ ಮಾನಾನೇ ಹೋಯ್ತು ಅಂತ.

"ಇಷ್ಟು ಕೊಬ್ಬಾ? ನಿಂಗೆ ಕಾಲಾಳಲ್ಲೇ ಕಟ್ತೀನಿ" ಅಂದವರೇ ಮಂತ್ರಿಯನ್ನ ಕಾವಲಿಗೆ ನಿಲ್ಲಿಸಿ, ಕಾಲಾಳನ್ನ ಒಂದು ಮನೆ ಮುಂದಕ್ಕೆ ತಳ್ಳಿದ್ರು. ನೋಡ್ತೀನಿ, ನನ್ನ ರಾಜನಿಗೆ ಚೆಕ್ ಇಲ್ಲ, ಆದ್ರೆ ಸುತ್ತ ಕಾಲಿಡೋಕೆ ಒಂದು ಮನೇನೂ ಇಲ್ಲ. ಕೈ ಕಟ್ಕೊಂಡು ಕೂತೆ.

"ಆಡವ್ವ."

"ಆಡೋಕೆ ನೀವೇನು ಬುಟ್ಟಿದ್ದೀರಿ?" ಅಂತ ತೀರ್ಪುಗಾರರನ್ನ ಕರೆದೆ.

ಅವರು ಬಗ್ಗಿ ನೋಡಿ, "ಚೆಕ್ಕೂ ಇಲ್ಲ, ನಡೆಯೂ ಇಲ್ಲ. ಹಿಂಗಾದ್ರೆ ಆಟ ಡ್ರಾ" ಅಂದ್ರು.

ಸಾವ್ಕಾರ್ರು ಎದ್ದು ನಿಂತ್ರು. "ಅದೆಂಗ್ರೀ ಡ್ರಾ? ನನ್ನತ್ರ ಮಂತ್ರಿ ಐತೆ, ಕಾಲಾಳು ಐತೆ. ಇವಳತ್ರ ಏನೈತೆ?"

ನಾನು ಬ್ಯಾಗು ಹೆಗಲಿಗೆ ಹಾಕ್ಕೊಂಡು ಅಂದೆ, "ಟೀಮಲ್ಲಿ ಜಾಗ ಐತೆ ಸಾವ್ಕಾರ್ರೇ."