ಮಾವನವರ ಗಡಿಯಾರಕ್ಕೆ ನಾನು ಮಾಡಿದ ಉಪಚಾರ

ಗಡಿಯಾರ ರಿಪೇರಿ ಅಷ್ಟೇನೂ ಕಠಿಣ ವಿದ್ಯೆಯಲ್ಲ ಎಂಬುದು ಆಗ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಕಸೂತಿ ಬಲ್ಲ ಕೈಗೆ ಅದೆಷ್ಟರ ಕೆಲಸ? ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ತಮ್ಮ ಮೇಜಿನ ಗಡಿಯಾರವನ್ನು ತಾವೇ ಬಿಚ್ಚಿ, ಒರೆಸಿ, ಜೋಡಿಸುತ್ತಿದ್ದರು. ತಿರುಪುಗಳನ್ನಿಟ್ಟ ತಟ್ಟೆಯನ್ನು ಹಿಡಿದು ಪಕ್ಕದಲ್ಲಿ ನಿಲ್ಲುವ ಭಾಗ್ಯ ನನ್ನದು. ಸೀನು ಬಂದರೂ ತಡೆದುಕೊಂಡು ಎರಡು ವರ್ಷ ಆ ತಟ್ಟೆ ಹಿಡಿದೆ. ತಟ್ಟೆ ಹಿಡಿದವಳಿಗೆ ವಿದ್ಯೆಯೂ ಬಂದಿರಲೇಬೇಕೆಂದು ತಿಳಿದುಕೊಂಡೆ.

ಗಜೇಂದ್ರಗಡದ ಪೇಟೆಯಲ್ಲಿ ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಮೇಲೆ ಈ ಹವ್ಯಾಸಕ್ಕೆ ಒಂದು ಬಿಸ್ಕೀಟಿನ ಡಬ್ಬಿಯನ್ನು ಮೀಸಲಿಟ್ಟೆ. ಅದರಲ್ಲಿ ಮುಳ್ಳು ತೆಗೆಯುವ ಚಿಮಟಿಗೆ, ತುದಿಯನ್ನು ಕಲ್ಲಿಗೆ ಮಸೆದು ಚಪ್ಪಟೆ ಮಾಡಿದ ದಬ್ಬಣ, ಧೂಳು ಒರೆಸಲು ಒಂದು ಪಾರಿವಾಳದ ಗರಿ, ಹೊಲಿಗೆ ಯಂತ್ರದ ಎಣ್ಣೆಯ ಬುಡ್ಡಿ. ಮೊದಲ ರೋಗಿ ನಮ್ಮ ಮನೆಯ ಅಲಾರಂ ಗಡಿಯಾರ. ನನ್ನ ಚಿಕಿತ್ಸೆಯ ನಂತರ ಅದು ಚೆನ್ನಾಗಿಯೇ ಓಡಿತು. ಒಂದು ತಿರುಪು ಮಾತ್ರ ಉಳಿದುಬಿಟ್ಟಿತು. ಕಂಪನಿಯವರು ಮರೆತು ಹೆಚ್ಚಿಗೆ ಹಾಕಿರಬೇಕೆಂದು ತೀರ್ಮಾನಿಸಿ ಅದನ್ನು ಗುಂಡಿಗಳ ಡಬ್ಬಿಯಲ್ಲಿಟ್ಟೆ. ಎರಡನೆಯದು ಪಕ್ಕದ ಮನೆಯ ಗೌರವ್ವನವರದು. ಅದೂ ಓಡಿತು. ಆದರೆ ಯಾರಾದರೂ ಬಾಗಿಲು ಹಾಕಿದಾಗಲೆಲ್ಲ ಅಲಾರಂ ಬಾರಿಸತೊಡಗಿತು.

"ಇರಲಿ ಬಿಡ ತಂಗಿ," ಎಂದರು ಗೌರವ್ವ. "ಯಾರ ಬಂದ್ರು, ಯಾರ ಹ್ವಾದ್ರು ಗೊತ್ತಾಕ್ಕೈತಿ. ನಾಯಿ ಸಾಕೂದ ತಪ್ಪಿತು."

ನಮ್ಮ ಮನೆಯವರು ಮಾತ್ರ ಡಬ್ಬಿ ಕಂಡರೆ ಸಾಕು, ಕೈಮುಗಿಯುವರು. "ಏನ್ ಡಾಕ್ಟರ್ ಬಾಯಾರ, ಇವತ್ತ ದವಾಖಾನಿ ತಗದೈತೇನು? ನನ್ನ ವಾಚ್ ಆರಾಮ ಐತ್ರಿ, ಅದರ ಕಡೆ ನೋಡಬ್ಯಾಡ್ರಿ!"

ಇಂಥ ಮಾತಿಗೆ ನಾನು ಕುಗ್ಗುವವಳಲ್ಲ. ನನ್ನ ಕಣ್ಣು ಬೇರೆಯೇ ಒಂದು ಗಡಿಯಾರದ ಮೇಲಿತ್ತು.

ಮಾವನವರದು ಬೆಳ್ಳಿಯ ಕಿಸೆಗಡಿಯಾರ. ಮುಚ್ಚಳದ ಮೇಲೆ ಕೆತ್ತಿದ ಬಳ್ಳಿಯಲ್ಲಿ ಒಂದು ಎಲೆ ಪೂರ್ತಿ ಸವೆದುಹೋಗಿತ್ತು. ಅವರ ಹೆಬ್ಬೆರಳು ಕೂಡುವ ಜಾಗ ಅದು. ಸುತ್ತಲಿನ ಊರುಗಳಲ್ಲಿ ಮದುವೆಯಾದರೆ ಮಾವನವರನ್ನು ಗಡಿಯಾರ ಸಮೇತ ಕರೆಯುವ ರೂಢಿ ಇತ್ತು. ಹಂದರದಲ್ಲಿ ಶಾಸ್ತ್ರಿಗಳ ಬಲಕ್ಕೆ ಅವರಿಗೊಂದು ಕುರ್ಚಿ. ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿರುವರು. ಮುಹೂರ್ತದ ನಿಮಿಷ ಬಂದಾಗ ಬಲಗೈ ಎತ್ತುವರು. ಅವರು ಕೈ ಎತ್ತಿದ ಹೊರತು ಒಂದು ಅಕ್ಕಿಕಾಳೂ ವಧೂವರರ ತಲೆಯ ಮೇಲೆ ಬೀಳುವಂತಿರಲಿಲ್ಲ. ಅತ್ತೆಯವರು ತೀರಿಹೋಗಿ, ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದ ಮೇಲೆ ಅವರಿಗೆ ಉಳಿದದ್ದು ಇದೊಂದೇ ಕೆಲಸ. ಲಗ್ನದ ದಿನ ಬೆಳಗ್ಗೆ ರುಮಾಲು ಸುತ್ತಿಕೊಳ್ಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುವುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ.

ಆ ಗಡಿಯಾರ ಹಿಂದೆ ಬೀಳತೊಡಗಿತು. ದಿನವೂ ಮುಂಜಾನೆ ಆರಕ್ಕೆ ಹತ್ತಿ ಗಿರಣಿಯ ಭೋಂಗಾ ಕೂಗಿದಾಗ ಅದರಲ್ಲಿ ಆರಕ್ಕೆ ಐದು ನಿಮಿಷ ಇರುತ್ತಿತ್ತು.

"ಭೋಂಗಾ ಮುಂದ ಹೊಂಟೈತಿ," ಎನ್ನುತ್ತಿದ್ದರು ಮಾವನವರು. ಗಿರಣಿಯವರ ಮೇಲೆ ಅವರಿಗೆ ನಿಜವಾಗಿ ಬೇಸರವಾಗಿತ್ತು.

ಆದರೆ ಊರವರಿಗೆ ಯಾರದು ತಪ್ಪೆಂದು ತಿಳಿದಿತ್ತು. ಒಂದು ಮಧ್ಯಾಹ್ನ ಗೌರವ್ವ ಶೇಂಗಾ ಸುಲಿಯುತ್ತ ಹೇಳಿದರು: "ಮನ್ನಿ ಲಗ್ನದಾಗ ಜನಾ ಆಡಿಕೊಂಡ್ರವಾ. ಅಜ್ಜಾಗೂ ವಯಸ್ಸಾತು, ಗಡಿಯಾರಕ್ಕೂ ವಯಸ್ಸಾತು ಅಂತ. ಲಕ್ಕಲಕಟ್ಟಿ ಗೌಡರ ಮಗಳ ಲಗ್ನ ಐತಲ್ಲ, ಅದಾದಮ್ಯಾಲೆ ರೋಣದ ಸಾಲಿ ಮಾಸ್ತರನ್ನ ಕರೀಬೇಕು ಅಂತ ಮಾತಾಡಾಕತ್ತಾರ. ಅವರ ಕೈಯಾಗ ಹೊಸಾ ವಾಚ್ ಐತಂತ."

ಆ ಕುರ್ಚಿಯಲ್ಲಿ ಬೇರೆಯವರು! ಈ ಮನೆಯ ಮಾನವನ್ನು ಉಳಿಸಬಲ್ಲವಳು ನಾನೊಬ್ಬಳೇ ಎಂಬ ಅರಿವು ಅಲ್ಲಿಯೇ, ಆ ಮೊರದ ಮುಂದೆಯೇ ನನಗೆ ಉಂಟಾಯಿತು.

ಅವಕಾಶ ತಾನಾಗಿಯೇ ಒದಗಿತು. ಮಾವನವರು ಮೂರು ದಿನದ ಮಟ್ಟಿಗೆ ಕೊಣ್ಣೂರಿನ ತಮ್ಮ ತಂಗಿಯ ಮನೆಗೆ ಹೊರಟರು. ಗಡಿಯಾರಕ್ಕೆ ಹೊಳೆಯ ಗಾಳಿ ಆಗಿಬರುವುದಿಲ್ಲವೆಂಬುದು ಅವರ ನಂಬಿಕೆ. ಮಲಪ್ರಭೆಯ ಕಡೆ ಹೋಗುವಾಗ ಅದನ್ನು ಮನೆಯಲ್ಲಿಯೇ ಬಿಡುವರು. ಆ ಸಲ ಅದನ್ನು ನನ್ನ ಕೈಯಲ್ಲಿಟ್ಟರು.

"ದಿನಾ ಮುಂಜಾನೆ ಇಪ್ಪತ್ತ ಸುತ್ತ ಚಾವಿ ಕೊಡು. ಹೆಚ್ಚ ಬ್ಯಾಡ, ಕಡಿಮಿನೂ ಬ್ಯಾಡ. ಮಗನ ಕೈಯಾಗ ಕೊಡೂದಿಲ್ಲ ನೋಡವಾ, ಅವಂದು ಗಡಿಬಿಡಿ. ನಿಂದು ಕಾನ್ವೆಂಟ್ ಕೈ."

ಕಾನ್ವೆಂಟ್ ಕೈ ಅಂದೇ ಮಧ್ಯಾಹ್ನ ಗಡಿಯಾರದ ಬೆನ್ನು ತೆರೆಯಿತು.

ಒಗೆದ ಬಿಳಿ ಅರಿವೆ ಹಾಸಿದೆ. ಬಿಚ್ಚಿದ ಪ್ರತಿಯೊಂದು ತುಣುಕನ್ನು ಸಿಸ್ಟರು ಇಡುತ್ತಿದ್ದಂತೆ ಸಾಲಾಗಿ ಇಟ್ಟೆ. ಮಾವನವರು ಪಂಚಾಂಗ ಓದುವ ಭೂತಗನ್ನಡಿಯಲ್ಲಿ ನೋಡಿದರೆ ಚಕ್ರಗಳ ಹಲ್ಲಿನ ತುಂಬ ಕಪ್ಪು ಜಿಡ್ಡು. ಚಿಮಣಿ ಎಣ್ಣೆಯಲ್ಲಿ ಅದ್ದಿ, ಗರಿಯಿಂದ ಒರೆಸಿ, ಒಂದೊಂದಕ್ಕೆ ದಬ್ಬಣದ ತುದಿಯಿಂದ ಒಂದೇ ಹನಿ ಎಣ್ಣೆ ಮುಟ್ಟಿಸಿ ತಿರುಗಿ ಜೋಡಿಸಿದೆ. ಸಂಜೆಯಾಯಿತು. ಒಂದು ತಿರುಪೂ ಉಳಿಯಲಿಲ್ಲ! ಕೂದಲೆಳೆಯಂಥ ಸುರುಳಿತಂತಿ ಉಸಿರಾಡುವಂತೆ ಹಿಗ್ಗಿ ಕುಗ್ಗತೊಡಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಮರುದಿನ ಮುಂಜಾನೆಯ ಭೋಂಗಾಕ್ಕೂ ಸಂಜೆಯ ಭೋಂಗಾಕ್ಕೂ ಅದು ನಿಮಿಷ ತಪ್ಪದೆ ಹೊಂದಿತು.

ಅಲ್ಲಿಗೆ ನಾನು ಕೈಮುಗಿದು ಎದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮೂರನೆಯ ದಿನ ಮಾವನವರು ಬರುವ ಮುಂಚೆ ಗಡಿಯಾರವನ್ನು ನೋಡಿ ನನಗೆ ಮರುಕ ಹುಟ್ಟಿತು. ಇಷ್ಟು ವರ್ಷ ಹಸಿದ ಯಂತ್ರಕ್ಕೆ ಒಂದೇ ಹನಿ ಎಣ್ಣೆಯೇ? ನಮ್ಮ ಮನೆಯಲ್ಲಿ ಯಾರಿಗೂ ಒಂದೇ ರೊಟ್ಟಿ ಬಡಿಸಿ ಎಬ್ಬಿಸುವ ಪದ್ಧತಿಯಿಲ್ಲ. ಬೆನ್ನು ತೆರೆದು ಎಲ್ಲ ಚಕ್ರಗಳಿಗೂ ಇನ್ನೊಂದೊಂದು ಹನಿ ಬಡಿಸಿದೆ. ಸುರುಳಿತಂತಿಗೆ ಎರಡು.

ಮಾವನವರು ಬಂದವರೇ ಗಡಿಯಾರವನ್ನು ಕಿವಿಗೆ ಹಿಡಿದರು. ಒಂದು ಕ್ಷಣ ಮೂಗಿನ ಹತ್ತಿರವೂ ಹಿಡಿದಂತೆ ಕಂಡಿತು. ಕಿಸೆಗೆ ಹಾಕಿಕೊಂಡರು.

ಮರುದಿನವೇ ಲಕ್ಕಲಕಟ್ಟಿಯ ಮದುವೆ. ಮುಂಜಾನೆ ಆರರ ಭೋಂಗಾ ಕೂಗಿದಾಗ ಗಡಿಯಾರ ಆರು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು. ಮಾವನವರು ಮುಳ್ಳನ್ನು ಮುಟ್ಟಲಿಲ್ಲ. "ಭೋಂಗಾ ಹಿಂದ ಬಿದ್ದೈತಿ," ಎಂದು ನಕ್ಕರು. ನಾನು ಸೆರಗಿನ ಮರೆಯಲ್ಲಿ ಹಿಗ್ಗಿದೆ. ಹಿಂದೆ ಬೀಳುವ ರೋಗ ವಾಸಿಯಾಯಿತಲ್ಲ!

ಎಣ್ಣೆ ಒಂದು ಕಡೆ ನಿಲ್ಲುವ ವಸ್ತುವಲ್ಲ. ಲಕ್ಕಲಕಟ್ಟಿಯ ಹಾದಿಯಲ್ಲಿ ಎತ್ತಿನ ಗಾಡಿ ಕುಲುಕಿದಂತೆಲ್ಲ ಅದು ಸುರುಳಿಯ ಸುತ್ತುಗಳ ನಡುವೆ ಹರಡಿ ಅವುಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದಿರಬೇಕು. ಉದ್ದ ತಂತಿ ಗಿಡ್ಡವಾಯಿತು. ಗಿಡ್ಡ ತಂತಿಯ ಗಡಿಯಾರ ಮುಂದೆ ಓಡುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದ ಶಾಸ್ತ್ರ. ಆಗ ಗಾಡಿಯಲ್ಲಿ ನಾನು ಮಾವನವರ ನೆಟ್ಟಗಿನ ಬೆನ್ನನ್ನು ನೋಡುತ್ತ ಕೂತಿದ್ದೆ.

ಮುಹೂರ್ತ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ. ಮಾವನವರು ಕುರ್ಚಿಯಲ್ಲಿ ಕೂತು ಮುಚ್ಚಳ ತೆರೆದರು. ಹುಬ್ಬು ಮೇಲೇರಿತು. "ಗೌಡ್ರ, ಇನ್ನ ಹತ್ತ ನಿಮಿಷ ಐತ್ರಿ! ಮದುಮಗಳು ಎಲ್ಲಿ?"

"ಹತ್ತ ನಿಮಿಷ?" ಗೌಡರು ಗಾಬರಿಯಾದರು. "ಹುಡುಗಿ ಇನ್ನ ಹೆರಳ ಹಾಕ್ಕೊಳ್ಳಾಕತ್ತಾಳ್ರಿ!"

"ಹೆರಳ ಆಮ್ಯಾಲೆ ಹಾಕ್ಕೊಳ್ಳಲಿ. ಮುಹೂರ್ತ ಕಾಯೂದಿಲ್ಲ. ಲಗೂ, ಲಗೂ!"

ಹಂದರದಲ್ಲಿ ಬೆಂಕಿ ಬಿದ್ದಂತಾಯಿತು. ಅಸೂಟಿಯಿಂದ ಬಂದ ಮದುಮಗ ಅರ್ಧ ಸುತ್ತಿದ ರುಮಾಲನ್ನು ಕೈಯಲ್ಲಿ ಹಿಡಿದು ಓಡಿಬಂದ. ಮದುಮಗಳಿಗೆ ಒಂದು ಕಿವಿಯಲ್ಲಿ ಮಾತ್ರ ಬುಗುಡಿ. ಶಾಸ್ತ್ರಿಗಳು ನಾಲ್ಕು ಮಂತ್ರಗಳನ್ನು ಒಂದೇ ಉಸಿರಿಗೆ ಸೇರಿಸಿದರು. ಸನಾದಿ ಊದುವವರ ಬಾಯಲ್ಲಿ ಇನ್ನೂ ನಾಷ್ಟಾದ ಅವಲಕ್ಕಿ ಇತ್ತು. ಮೊದಲ ಸ್ವರದ ಜೊತೆಗೆ ಒಂದಿಷ್ಟು ಅವಲಕ್ಕಿಯೂ ಹೊರಬಿತ್ತು!

ಮಾವನವರು ಕೈ ಎತ್ತಿದರು. ಅಕ್ಕಿಕಾಳು ಬಿದ್ದವು. ಗೌಡರು ಬೆವರು ಒರೆಸಿಕೊಂಡು, "ನೀವಿದ್ದಿರಿ ಅಂತ ಉಳಕೊಂಡ್ವಿ," ಎಂದು ಮಾವನವರ ಕೈ ಹಿಡಿದರು. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ಗಳಿಗೆ ಬೇರೆ ಇರಲಿಲ್ಲ. ಅದು ಒಂದು ಗಳಿಗೆಯೂ ಇರಲಿಲ್ಲ.

ಬಾಗಿಲಲ್ಲಿ ರೋಣದ ಮಾಸ್ತರರು ಸೈಕಲ್ ನಿಲ್ಲಿಸಿ, ನಗುತ್ತ ಒಳಗೆ ಬಂದರು. "ಚಲೋ ಆತು ನೋಡ್ರಿ, ಭಾಳ ಮೊದಲ ಬಂದೆ," ಎಂದು ಕೈಗಡಿಯಾರ ನೋಡಿಕೊಂಡರು. "ಮುಹೂರ್ತಕ್ಕ ಇನ್ನ ಅರ್ಧಾ ತಾಸ ಐತಿ."

ಸನಾದಿ ನಿಂತಿತು.

ಯಾರೋ ಹಂದರದ ಕಂಬದ ನೆರಳು ನೋಡಿದರು. ಅದು ಇನ್ನೂ ಉದ್ದವಾಗಿತ್ತು. ಯಾರೋ ಅಡುಗೆಯವರನ್ನು ಕೇಳಿದರು. ಅನ್ನಕ್ಕೆ ಈಗಷ್ಟೇ ಎಸರು ಇಟ್ಟಿದ್ದರು. ಮದುಮಗಳ ಅಜ್ಜಿ, "ಹೊತ್ತಲ್ಲದ ಹೊತ್ತಿನ್ಯಾಗ ನನ್ನ ಮೊಮ್ಮಗಳ ಲಗ್ನಾ ಮಾಡಿದ್ರಿ!" ಎಂದು ಅಳತೊಡಗಿದಳು. ಎಲ್ಲರ ಕಣ್ಣೂ ಆ ಕುರ್ಚಿಯ ಕಡೆಗೆ ತಿರುಗಿದವು.

ಕಾನ್ವೆಂಟಿನಲ್ಲಿ ನನಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಇನ್ನೂರು ಜನರ ಮುಂದೆ ಎದ್ದು ನಿಜ ಹೇಳುವುದನ್ನು ಕಲಿಸಿರಲಿಲ್ಲ. ಹೆಂಗಸರ ನಡುವೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವನವರು ಎದ್ದು ನಿಂತಿದ್ದರು.

"ತಪ್ಪ ನಂದ. ಚಾವಿ ಕೊಡೂದ್ರಾಗ ತಪ್ಪೇನಿ. ವಯಸ್ಸಾತು."

ಅಷ್ಟೇ ಹೇಳಿ ಮುಚ್ಚಳ ಮುಚ್ಚಿದರು. ಆ ಸಣ್ಣ ಸದ್ದು ನನಗೆ ಹೆಂಗಸರ ಸಾಲಿನವರೆಗೂ ಕೇಳಿಸಿತು.

ಶಾಸ್ತ್ರಿಗಳು ಪಂಚಾಂಗ ತಿರುವಿ, ಸರಿಯಾದ ಹೊತ್ತಿಗೆ ಇನ್ನೊಮ್ಮೆ ಅಕ್ಕಿಕಾಳು ಹಾಕಿದರೆ ದೋಷವಿಲ್ಲವೆಂದು ತೀರ್ಪು ಕೊಟ್ಟರು. ಅರಿಸಿನದ ಅಕ್ಕಿ ಆಗಲೇ ತೀರಿತ್ತು. ಕಣಜದಿಂದ ಜೋಳ ತರಿಸಿದರು. ಕುರ್ಚಿಯಲ್ಲಿ ಮಾಸ್ತರರು ಕೂತು ಕೈ ಎತ್ತಿದರು. ಮಾವನವರು ಕಂಬದ ಪಕ್ಕದಲ್ಲಿ, ಬಂದ ಮಂದಿಯಲ್ಲಿ ಒಬ್ಬರಾಗಿ ನಿಂತು ನಾಲ್ಕು ಜೋಳದ ಕಾಳು ಎಸೆದರು.

ತಿರುಗಿ ಬರುವಾಗ ಅರ್ಧ ಹಾದಿ ಸಾಗಿತ್ತು. ನನಗೆ ತಡೆಯಲಾಗಲಿಲ್ಲ. "ಮಾವಾರ, ಅದನ್ನ ನಾನ ಬಿಚ್ಚಿದ್ದೆ. ಎಣ್ಣಿ ಹೆಚ್ಚಾತು," ಎಂದು ಅತ್ತುಬಿಟ್ಟೆ.

"ಗೊತ್ತೈತಿ ಬಿಡವಾ. ಬಂದ ದಿನಾನ ಗೊತ್ತಾತು. ಚಿಮಣಿ ಎಣ್ಣಿ ವಾಸನಿ."

"ಮತ್ತ ಗೊತ್ತಿದ್ದೂ ಯಾಕ ತಂದ್ರಿ?"

ಅವರು ಎತ್ತಿನ ಕೊಂಬುಗಳ ಕಡೆ ನೋಡುತ್ತ ಹೇಳಿದರು: "ನೀ ಕೈ ಹಚ್ಚೀದಿ ಅಂದ್ರ ಚಲೋ ಆಗಿರತೈತಿ ಅಂದ್ಕೊಂಡೆ. ಭೋಂಗಾನ ತಪ್ಪಿರಬೇಕು ಅಂದ್ಕೊಂಡೆ."

ನಮ್ಮ ಮನೆಯವರು ಕೂಡ ಅಂದು ಡಾಕ್ಟರ್ ಬಾಯಿ ಎನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು.

ಎಂಟು ದಿನ ಬಿಟ್ಟು ಮಾವನವರು ತಾವೇ ಬಿಸ್ಕೀಟಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಪಕ್ಕದಲ್ಲಿ ಗಡಿಯಾರ. "ತಗಿ. ಈ ಸಲ ನಾ ಮುಂದ ಕುಂದರ್ತೇನಿ." ತಿರುಪಿನ ತಟ್ಟೆಯನ್ನು ಅವರೇ ಹಿಡಿದರು. ನಾನು ಸುರುಳಿಯನ್ನು ತೊಳೆದು ಒಣಗಿಸಿ, ಚಕ್ರಗಳಿಗೆ ಎಣ್ಣೆ ಮುಟ್ಟಿಸಿದೆ. ಪ್ರತಿ ಹನಿಗೂ, "ಸಾಕು," ಎನ್ನುವರು. ಕೆಲವು ಸಲ ಹನಿ ಬೀಳುವ ಮೊದಲೇ ಎನ್ನುವರು. ಆ ದಿನದಿಂದ ಗಡಿಯಾರ ಭೋಂಗಾಕ್ಕೆ ಸರಿಯಾಗಿ ನಡೆಯಿತು. ಆದರೆ ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ವರ್ಷದ ಲಗ್ನಗಳಿಗೆಲ್ಲ ರೋಣದಿಂದ ಸೈಕಲ್ ಬಂತು. ಮಾವನವರು ಆ ದಿನಗಳಂದು ರುಮಾಲನ್ನು ಸುತ್ತಿಕೊಳ್ಳದೆ, ಮಡಚಿ ಮಡಚಿ ಇಡುತ್ತಿದ್ದರು.

ಮುಂದಿನ ವರ್ಷ ಒಂದು ಮುಂಜಾನೆ ಲಕ್ಕಲಕಟ್ಟಿಯ ಗೌಡರೇ ಸಕ್ಕರೆ ಹಿಡಿದುಕೊಂಡು ಬಂದರು. ಮಗಳಿಗೆ ಗಂಡು ಕೂಸು. ತೊಟ್ಟಿಲಿಗೆ ಹಾಕುವ ಕಾರ್ಯ. "ನಮ್ಮ ಅವ್ವಂದು ಒಂದ ಹಟಾ ಐತ್ರಿ. ಎರಡ ಸಲ ಅಕ್ಕಿಕಾಳ ಬಿದ್ದದ್ದಕ್ಕ ನನ್ನ ಮೊಮ್ಮಗಳು ಎರಡರಷ್ಟ ಸುಖದಾಗದಾಳ, ಹೊತ್ತ ಹೇಳಾಕ ಅದ ಅಜ್ಜಾರ ಬೇಕು ಅಂತಾಳ. ಗಡಿಯಾರ ತರ್ರಿ. ಸೊಸಿನೂ ಕರಕೊಂಡ ಬರ್ರಿ." ಗೌಡರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆದ್ರ ಎರಡನ್ನೂ ಬ್ಯಾರೆ ಬ್ಯಾರೆ ಗಾಡ್ಯಾಗ."

ತಗ್ಗಿಸಿದ ದನಿ ನನಗೆ ಸ್ಪಷ್ಟವಾಗಿ ಕೇಳಿತು. ನನ್ನ ಎಣ್ಣೆಯ ಸುದ್ದಿ ಗೌರವ್ವನವರ ಬಾಯಿಂದ ಅಲ್ಲಿಯವರೆಗೂ ಮುಟ್ಟಿತ್ತು. ಮಾವನವರು ಅಷ್ಟು ನಕ್ಕದ್ದನ್ನು ನಾನು ಅತ್ತೆಯವರು ಹೋದ ಮೇಲೆ ನೋಡಿರಲಿಲ್ಲ.

ಗೌಡರು ಖರೇನೇ ಎರಡು ಗಾಡಿ ಕಳಿಸಿದರು. ಮುಂದಿನದರಲ್ಲಿ ನೆಟ್ಟಗಿನ ಬೆನ್ನಿನ ಮಾವನವರು, ಗಡಿಯಾರ, ನಮ್ಮ ಮನೆಯವರು. ಹಿಂದಿನದರಲ್ಲಿ ನಾನು, ಗೌರವ್ವ, ಕೂಸಿನ ಕುಲಾವಿಯ ಗಂಟು. ನಮ್ಮ ಎತ್ತು ಹಾದಿಯಲ್ಲಿ ಎರಡು ಸಲ ಕೂತಿತು. ನಾವು ಮುಟ್ಟುವಷ್ಟರಲ್ಲಿ ಮಾವನವರು ನಿಮಿಷ ತಪ್ಪದೆ ಕೈ ಎತ್ತಿಯಾಗಿತ್ತು, ಕೂಸು ತೊಟ್ಟಿಲೇರಿ, ಹೆಸರಿಡಿಸಿಕೊಂಡು, ಒಂದು ನಿದ್ದೆಯನ್ನೂ ಮುಗಿಸಿತ್ತು. ನಾನು ಜೀವಮಾನದಲ್ಲಿ ನೋಡಬೇಕೆಂದಿದ್ದ ಆ ಒಂದು ನಿಮಿಷವನ್ನು ಲಕ್ಕಲಕಟ್ಟಿಯೆಲ್ಲ ನೋಡಿತು, ನನ್ನನ್ನು ಬಿಟ್ಟು.

"ಇಷ್ಟ ಹೊತ್ತ ಯಾಕವಾ?" ಎಂದು ಗೌಡರ ಅವ್ವ ಕೇಳಿದಳು.

ಏನು ಹೇಳಲಿ? ನಮ್ಮ ಗಾಡಿಯಲ್ಲಿ ಗಡಿಯಾರ ಇರಲಿಲ್ಲ!